ಎರಡು ಬೆರಳು ಕಡಿಮೆ

ಒಲೆಯ ಬೂದಿ ತೆಗೆಯುವುದು. ಹಸಿ ಕಾಫಿ ಕಟ್ಟಿಗೆಗೆ ಊದಿ ಊದಿ ಬೆಂಕಿ ಹಿಡಿಸುವುದು. ಗಂಡ ಗುಂಡನಿಗೆ ಮುಖ ತೊಳೆಯಲು ಬಿಸಿನೀರು, ಕುಡಿಯಲು ಬೆಲ್ಲದ ಕಾಫಿ, ಕಟ್ಟಿಕೊಂಡು ಹೋಗಲು ಎರಡು ರೊಟ್ಟಿ. ಅವನು ಎದ್ದ ಮೇಲೆ ಅವನ ಕಂಬಳಿ ಮಡಚುವುದು, ಯಾಕೆಂದರೆ ಅವನು ಮಡಚುವುದಿಲ್ಲ. ಆಮೇಲೆ ಒಂದು ಕೊಡ ತಲೆಯ ಮೇಲೆ, ಒಂದು ಸೊಂಟದಲ್ಲಿ, ಕುಂಟುತ್ತಾ ಮಕ್ಕಳ ಶೆಡ್ಡಿಗೆ. ಅಲ್ಲಿ ರಾತ್ರಿ ನಾಯಿ ಮಲಗಿದ್ದ ಜಾಗ ಗುಡಿಸಿ ಸಗಣಿ ಸಾರಿಸುವುದು. ತೊಲೆಗೆ ಕಟ್ಟಿದ ಆರು ಸೀರೆಯ ಜೋಲಿಗಳ ಗಂಟನ್ನು ಒಂದೊಂದಾಗಿ ಜಗ್ಗಿ ನೋಡುವುದು. ಹಿಂದಿನ ದಿನ ಒಗೆದ ಮಕ್ಕಳ ಬಟ್ಟೆ ಮಂಜಿಗೆ ಒಣಗದಿದ್ದರೆ ಒಲೆಯ ಮೇಲೆ ಹಿಡಿದು ಒಣಗಿಸುವುದು. ಇಪ್ಪತ್ತೆರಡು ಮಕ್ಕಳಿಗೆ ಇಪ್ಪತ್ತೆರಡು ಮುಷ್ಟಿ ನುಚ್ಚಕ್ಕಿ ತೊಳೆದು ನೆನೆಹಾಕುವುದು.

ಇಷ್ಟೆಲ್ಲ ಆದ ಮೇಲೆ ಎಸ್ಟೇಟಿನ ಹಾಜರಿ ಗಂಟೆ ಹೊಡೆಯುತ್ತಿತ್ತು. ಲಿಂಗಿಯ ಕೆಲಸ ಶುರುವಾಗುವುದು ಆ ಗಂಟೆಯಿಂದ ಎಂದು ಲೆಕ್ಕ. ಅದಕ್ಕೆ ಮುಂಚಿನದನ್ನು ಕೆಲಸ ಎಂದು ಯಾರೂ ಕರೆಯುತ್ತಿರಲಿಲ್ಲ. ಲಿಂಗಿಯೂ ಕರೆಯುತ್ತಿರಲಿಲ್ಲ.

"ನಿಂಗೇನಮ್ಮ, ಕೂತು ತಿನ್ನೋ ಕೆಲ್ಸ," ಎನ್ನುತ್ತಿದ್ದ ಗುಂಡ, ಅವಳು ಕೊಟ್ಟ ಕಾಫಿಯನ್ನು ಕೂತು ಕುಡಿಯುತ್ತಾ.

ಮಾದಾಪುರದ ಆಚೆ, ಇಂಗ್ಲಿಷ್ ದೊರೆಯೊಬ್ಬನ ಕಾಫಿ ಎಸ್ಟೇಟು ಅದು. ಶನಿವಾರಸಂತೆಯ ಕಡೆಯ ಹಳ್ಳಿಗಳಿಂದ ಕೂಲಿಗೆ ಬಂದವರು ಒಂದೇ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಇದ್ದರು. ಲಿಂಗಿ ಮದುವೆಯಾದ ವರ್ಷವೇ ಬಂದವಳು. ಹೆತ್ತ ಎರಡೂ ಮಕ್ಕಳನ್ನು ಚಳಿಜ್ವರಕ್ಕೆ ಕಳೆದುಕೊಂಡು, ಒಂಬತ್ತು ವರ್ಷ ಗುಡ್ಡ ಹತ್ತಿ ಇಳಿದು ಹಣ್ಣು ಕೊಯ್ದವಳು. ಹತ್ತನೆಯ ವರ್ಷ ಹಣ್ಣಿನ ಮೂಟೆ ಹೊತ್ತು ಇಳಿಜಾರಿನಲ್ಲಿ ಬರುವಾಗ ಕಾಲು ಜಾರಿತು. ಪಾದದ ಮೇಲಿನ ಮೂಳೆ ಮುರಿಯಿತು. ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ ಕೆಂಚಿ ತನ್ನ ಬುಟ್ಟಿ ಅಲ್ಲೇ ಬಿಟ್ಟು, ಲಿಂಗಿಯನ್ನು ಬೆನ್ನ ಮೇಲೆ ಹೊತ್ತು ಲೈನಿನವರೆಗೆ ತಂದಳು. ಆ ದಿನ ಕೆಂಚಿಗೆ ಅರ್ಧ ಹಾಜರಿಯೂ ಸಿಗಲಿಲ್ಲ. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿದ. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು.

ಗುಡ್ಡ ಹತ್ತಲಾಗದ ಹೆಂಗಸಿಗೆ ಎಸ್ಟೇಟಿನಲ್ಲಿ ಜಾಗವಿಲ್ಲ. ಗುಂಡ ಅವಳನ್ನು ಅವಳ ಅಣ್ಣನ ಮನೆಗೆ ಬಿಟ್ಟು ಬರುವ ಮಾತಾಡತೊಡಗಿದ. ಆಗಲೇ ಒಂದು ಸಂಜೆ, ನೀರಿನ ಹಳ್ಳದ ಹತ್ತಿರ, ಕೆಂಚಿ ಉಳಿದ ಹೆಂಗಸರಿಗೆ ಹೇಳಿದಳು:

"ಮಕ್ಳನ್ನ ಗಿಡಕ್ಕೆ ಕಟ್ಟಿಹಾಕಿ ಹಣ್ಣು ಕುಯ್ತೀವಲ್ಲ, ನಾವೇನು ಕುರಿ ಸಾಕ್ತಿದೀವಾ? ಲಿಂಗಕ್ಕ ಕೂತು ನೋಡ್ಕೊಳ್ಳಿ. ಮನೆಗೊಂದು ಮುಷ್ಟಿ ಅಕ್ಕಿ ಹಾಕಾಣ."

ಅದು ನಿಜ. ಎಳೆಗೂಸುಗಳನ್ನು ನೆರಳಿನ ಮರಕ್ಕೆ ಜೋಲಿ ಕಟ್ಟಿ ತೂಗುಹಾಕುತ್ತಿದ್ದರು. ನಡೆಯುವ ಮಕ್ಕಳ ಸೊಂಟಕ್ಕೆ ಹಗ್ಗ ಬಿಗಿದು ಕಾಫಿ ಗಿಡದ ಬುಡಕ್ಕೆ ಕಟ್ಟುತ್ತಿದ್ದರು. ಬೇರೆ ದಾರಿ ಇರಲಿಲ್ಲ.

ಹಾಗೆ ನಾಲ್ಕು ವರ್ಷ ನಡೆಯಿತು. ಹಾಜರಿ ಗಂಟೆಗೆ ಮೊದಲು ಲಿಂಗಿಯ ಮನೆ ಬಾಗಿಲಿಗೆ ಮಕ್ಕಳು ಬರುತ್ತಿದ್ದವು, ಸಂಜೆ ಮುಷ್ಟಿ ಅಕ್ಕಿ ಬರುತ್ತಿತ್ತು. ಕೆಂಚಿಯ ಮುಷ್ಟಿ ದೊಡ್ಡದು. ಬೆರಳ ಸಂದಿಯಿಂದ ಅಕ್ಕಿ ಸುರಿಯುವಷ್ಟು ತುಂಬಿ ತರುತ್ತಿದ್ದಳು. ಅವಳ ಮಗಳು ಮುದ್ದಿ ಹುಟ್ಟಿದ್ದು ಆಗಲೇ. ಹತ್ತನೆಯ ದಿನದಿಂದ ಆ ಮಗು ಬೆಳೆದದ್ದು ಲಿಂಗಿಯ ಮಡಿಲಲ್ಲಿ. ಕುಂಟುವವಳನ್ನು ನೋಡಿ ನೋಡಿ, ನಡೆಯಲು ಕಲಿತಾಗ ಮುದ್ದಿಯೂ ಒಂದು ತಿಂಗಳು ಕುಂಟಿದಳು. ಲೈನಿನವರೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದರು.

ದೊರೆಸಾನಿ ಒಮ್ಮೆ ಕುದುರೆಯ ಮೇಲೆ ಆ ದಾರಿಯಲ್ಲಿ ಬಂದಳು. ಜಗುಲಿಯ ತುಂಬ ಮಕ್ಕಳನ್ನೂ ನಡುವೆ ಕೂತ ಲಿಂಗಿಯನ್ನೂ ನೋಡಿ ಮೆಚ್ಚಿದಳು. ಎರಡು ತಿಂಗಳಲ್ಲಿ ಹುಲ್ಲು ಮಾಡಿನ ಒಂದು ಶೆಡ್ಡು ಎದ್ದಿತು. ಮಕ್ಕಳಿಗೆ ದಿನಕ್ಕೊಂದು ಸಲ ಎಸ್ಟೇಟಿನ ನುಚ್ಚಕ್ಕಿಯ ಗಂಜಿ, ಲಿಂಗಿಗೆ ಅರ್ಧ ಆಳಿನ ಹಾಜರಿ. ಮುಷ್ಟಿ ಅಕ್ಕಿ ನಿಂತಿತು. ಲಿಂಗಿಗೆ ಸಮಾಧಾನವೇ ಆಯಿತು. ಕೊಡುವವರ ಕೈ ನೋಡಿ ತಿನ್ನುವುದು ಮುಗಿಯಿತಲ್ಲ ಎಂದುಕೊಂಡಳು. ಇನ್ನು ಮುಂದೆ ನೋಡಬೇಕಾದದ್ದು ರೈಟರ್ ಪದ್ಮಯ್ಯನ ಮುಖ ಎಂದು ಆಗ ತಿಳಿಯಲಿಲ್ಲ.

ಹಾಜರಿ ಹಾಕುವವನು, ಅಕ್ಕಿ ಅಳೆಸುವವನು ಪದ್ಮಯ್ಯನೇ. ಗಂಜಿ ಸಣ್ಣ ಮಕ್ಕಳಿಗೆ ಮಾತ್ರ ಎಂದು ದೊರೆಸಾನಿ ಹೇಳಿದ್ದಳು. ದೊಡ್ಡವು ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕಬಹುದಲ್ಲ ಎಂದು ಪದ್ಮಯ್ಯ ಸೇರಿಸಿದ. ಸಣ್ಣದು ಯಾವುದು, ದೊಡ್ಡದು ಯಾವುದು? ಯಾರಿಗೂ ಮಕ್ಕಳ ವಯಸ್ಸು ಗೊತ್ತಿರಲಿಲ್ಲ. 'ಆನೆ ಬಂದು ಬಾಳೆ ಮುರಿದ ವರ್ಷ', 'ಆ ದೊಡ್ಡ ಮಳೆಗೆ ಮುಂಚೆ' ಎನ್ನುತ್ತಿದ್ದರು. ಪದ್ಮಯ್ಯನಿಗೆ ತಾನು ಓದು ಕಲಿಯಲು ಐಗಳ ಮಠಕ್ಕೆ ಸೇರಿದ ದಿನ ನೆನಪಾಯಿತು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಬೆರಳು ಕಿವಿಗೆ ತಾಗಿದರೆ ಮಗು ದೊಡ್ಡದು.

"ವರ್ಷಕ್ಕೊಂದು ಸಲ, ಕೊಯ್ಲಿಗೆ ಮುಂಚಿನ ಭಾನುವಾರ," ಎಂದ ಪದ್ಮಯ್ಯ. "ನೀನೇ ಮುಟ್ಟಿಸು ಲಿಂಗಿ. ನಿನ್ನ ಕೈಯಲ್ಲಿ ಬೆಳೆದವು, ಅಳೋದಿಲ್ಲ. ಆದ್ರೆ ಒಂದು ಕಿವಿ ಸುಳ್ಳು ಮುಟ್ಟಿತು ಅಂತ ಗೊತ್ತಾಯ್ತೋ, ಶೆಡ್ಡಿಗೆ ಮಾದಿ ಬರ್ತಾಳೆ. ನೀನು ಗುಡ್ಡ ಹತ್ತು."

ಮಾದಿ ಕೂಲಿಗಳ ಮೇಸ್ತ್ರಿಯ ನಾದಿನಿ. ಆ ನೆರಳಿನ ಕೆಲಸದ ಮೇಲೆ ಅವಳ ಕಣ್ಣಿತ್ತು.

ಅಲ್ಲಿಂದ ಕಿವಿ ಮುಟ್ಟುವ ಭಾನುವಾರ ಲೈನಿಗೆ ಒಂದು ಹಬ್ಬದ ಹಾಗೆ ಆಯಿತು, ಜಗಳದ ಹಬ್ಬ. ಮಗು ದುಡಿಯಲಿ ಎನ್ನುವ ಮನೆಯವರು ಅದರ ತಲೆ ನುಣ್ಣಗೆ ಬೋಳಿಸಿ ತರುತ್ತಿದ್ದರು, ಕೈ ಸುಲಭವಾಗಿ ದಾಟಲಿ ಎಂದು. ಇನ್ನೊಂದು ವರ್ಷ ಶೆಡ್ಡಿನಲ್ಲಿರಲಿ ಎನ್ನುವ ತಾಯಂದಿರು ಮೂರು ತಿಂಗಳು ಮೊದಲಿಂದ ಕೂದಲಿಗೆ ಕತ್ತರಿ ಹಾಕದೆ, ಎಣ್ಣೆ ಹಚ್ಚಿ, ನೆತ್ತಿಯ ಮೇಲೆ ಬುಟ್ಟಿಯಂತೆ ಗಂಟು ಕಟ್ಟುತ್ತಿದ್ದರು. ಲಿಂಗಿ ಎಲ್ಲರ ಗಂಟನ್ನೂ ಬಿಚ್ಚಿಸಿ, ಮಗುವಿನ ಹಿಂದೆ ನಿಂತು, ಎರಡೂ ಅಂಗೈಯಲ್ಲಿ ತಲೆಯನ್ನು ನೆಟ್ಟಗೆ ಹಿಡಿದು ಮುಟ್ಟಿಸುತ್ತಿದ್ದಳು. ಎರಡು ವರ್ಷ ಹೀಗೆ ಮಾಡಿದಳು. ತಕರಾರು ಬಂತು, ಅಪವಾದ ಬರಲಿಲ್ಲ.

ಮೂರನೆಯ ವರ್ಷ, ಕಿವಿ ಮುಟ್ಟುವ ಹಿಂದಿನ ದಿನ ಶನಿವಾರ ಸಂಜೆ ಹಳ್ಳದಲ್ಲಿ ಹೆಂಗಸರು ಪಾತ್ರೆ ಉಜ್ಜುತ್ತಿದ್ದರು. ಕೆಂಚಿಯ ಕಂಕುಳಲ್ಲಿ ಈಗ ಇನ್ನೊಂದು ಕೂಸು. ಅವಳ ಸೊಂಟ ಹಿಡಿದುಕೊಂಡಿತ್ತು. ಆದರೂ ಬಾಯಿಗೆ ನೋವಿರಲಿಲ್ಲ.

"ಲಿಂಗಕ್ಕನ ಕಾಲು ಮುರ್ದಿದ್ದು ಒಳ್ಳೇದೇ ಆಯ್ತು ಕಣ್ರೇ," ಎಂದಳು. "ದೊರೆಸಾನಿ ಬಂದು ಮಾತಾಡ್ಸ್ತಾಳೆ, ನೆರಳಲ್ಲಿ ಕೂತ್ರೂ ಹಾಜರಿ ಬೀಳ್ತದೆ. ನಂಗೂ ಒಂದು ಕಾಲು ಮುರೀಲಿ ಅಂತ ಮಾರಮ್ಮಂಗೆ ಹರಕೆ ಹೊತ್ತಿದೀನಿ."

"ಯಾವ ಕಾಲೇ?" ಎಂದಳೊಬ್ಬಳು.

"ಯಾವ್ದಾದ್ರೂ ಸರಿ. ನನ್ನ ಹೊತ್ಕೊಂಡು ಬರಕ್ಕೆ ಲಿಂಗಕ್ಕ ಇದಾಳಲ್ಲ!"

ಎಲ್ಲರೂ ನಕ್ಕರು. ಲಿಂಗಿಯೂ ನಕ್ಕಳು. ದಾರಿಯಲ್ಲಿ ಹೋಗುತ್ತಿದ್ದ ಗುಂಡ ನಿಂತು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ.

ಬೇರೆ ಯಾರಾದರೂ ಅಂದಿದ್ದರೆ ಅವಳು ತಿರುಗಿಸಿ ಕೊಡುತ್ತಿದ್ದಳು. ಅಂದವಳು ಹೊತ್ತು ತಂದವಳು. ಅವಳ ಅಕ್ಕಿ ತಿಂದ ಬಾಯಲ್ಲಿ ಉತ್ತರ ಹುಟ್ಟಲಿಲ್ಲ. ಸತ್ತ ಉತ್ತರ ಎಲ್ಲಿಗೆ ಹೋಗುತ್ತದೆ? ಲಿಂಗಿಯದು ಅಂಗೈಗೆ ಇಳಿಯಿತು.

ಭಾನುವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಪದ್ಮಯ್ಯ ಕುರ್ಚಿ ಹಾಕಿಸಿ ಕೂತಿದ್ದ. ಆರು ಮಕ್ಕಳಾದ ಮೇಲೆ ಮುದ್ದಿಯ ಸರದಿ ಬಂತು. ಐದು ತುಂಬಿತ್ತೋ ಇಲ್ಲವೋ, ಕೋಲಿನಂಥ ಮಗು. ನೆತ್ತಿಯ ಮೇಲೆ ಎರಡು ತೆಂಗಿನಕಾಯಿ ಗಾತ್ರದ ಗಂಟು. ಲಿಂಗಿ ಬಿಚ್ಚಿದಳು. ಒಳಗಿಂದ ಹಳೆ ಬಟ್ಟೆಯ ಒಂದು ಉಂಡೆ ಉರುಳಿ ಪದ್ಮಯ್ಯನ ಕಾಲ ಬಳಿ ಬಿತ್ತು.

"ಇದೇನೇ ಕೆಂಚಿ, ನಿನ್ನ ಮಗಳ ತಲೆ ಮೊಟ್ಟೆ ಇಡ್ತದಾ?" ಎಂದ ಪದ್ಮಯ್ಯ.

ಜನ ನಕ್ಕರು. ಕೆಂಚಿ ಸೆರಗಲ್ಲಿ ಮುಖ ಮುಚ್ಚಿಕೊಂಡು ತಾನೂ ನಕ್ಕಳು. ಅಷ್ಟಕ್ಕೆ ನಿಂತಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಮುದ್ದಿ ಬಲಗೈ ಎತ್ತಿ ತಲೆಯ ಮೇಲಿಂದ ಇಳಿಸಿದಳು. ಬೆರಳ ತುದಿಗೂ ಕಿವಿಗೂ ನಡುವೆ ಎರಡು ಬೆರಳಿನ ಜಾಗ ಉಳಿಯಿತು. ಪದ್ಮಯ್ಯ ತಲೆ ತಗ್ಗಿಸಿ ಬೀಡಿ ಹಚ್ಚುತ್ತಿದ್ದ. ಹೆಂಗಸರು ಇನ್ನೂ ಆ ಬಟ್ಟೆಯ ಉಂಡೆ ನೋಡಿ ನಗುತ್ತಿದ್ದರು. ಲಿಂಗಿಯ ಎಡ ಅಂಗೈ ಮಗುವಿನ ಎಡಗೆನ್ನೆಯನ್ನು ಮೆಲ್ಲಗೆ ಬಲಕ್ಕೆ ಒತ್ತಿತು. ತಲೆ ವಾಲಿತು. ಕಿವಿ ಮೇಲೆ ಬಂತು. ಬೆರಳು ತಾಗಿತು.

"ಮುಟ್ತು," ಎಂದಳು ಲಿಂಗಿ.

ಬೀಡಿ ಹಚ್ಚಿಕೊಂಡು ಪದ್ಮಯ್ಯ ಕಣ್ಣೆತ್ತಿ ನೋಡಿದಾಗ ಬೆರಳು ಕಿವಿಯ ಮೇಲೇ ಇತ್ತು.

ಮಗು ಅಳಬಹುದು ಎಂದುಕೊಂಡಿದ್ದಳು. ಮುದ್ದಿ ಅಳಲಿಲ್ಲ, ಕುಣಿದಳು. "ಅವ್ವಾ, ನಾನು ಮುಟ್ದೆ! ನಾನು ದೊಡ್ಡೋಳಾದೆ!" ಎಂದು ಲೈನಿನ ಈ ತುದಿಯಿಂದ ಆ ತುದಿಗೆ ಓಡಿದಳು. ಸಿಕ್ಕವರನ್ನೆಲ್ಲ ನಿಲ್ಲಿಸಿ ಮುಟ್ಟಿ ತೋರಿಸಿದಳು. ಪ್ರತಿ ಸಲವೂ, ಲಿಂಗಿ ಹೇಗೆ ಬಾಗಿಸಿದ್ದಳೋ ಹಾಗೆಯೇ, ತಲೆಯನ್ನು ಬಲಕ್ಕೆ ವಾಲಿಸಿ.

ಸೋಮವಾರದಿಂದ ಮುದ್ದಿ ಒಂದು ತಗಡಿನ ಡಬ್ಬ ಹಿಡಿದು ಅವ್ವನ ಹಿಂದೆ ಗುಡ್ಡ ಹತ್ತಿದಳು. ಗಿಡದ ಬುಡದಲ್ಲಿ ಮಂಡಿಯೂರಿ ಉದುರು ಹಣ್ಣು ಹೆಕ್ಕಿದಳು. ಮೊಣಕಾಲು ಸುಲಿಯಿತು, ತುಟಿ ಒಡೆಯಿತು. ಕೆಂಚಿಗೂ ಕೆಲಸ ಸಾಗಲಿಲ್ಲ. ಒಂದು ಕಣ್ಣು ಕೊಂಬೆಯ ಮೇಲೆ, ಒಂದು ಕಣ್ಣು ಮಗುವಿನ ಮೇಲೆ. ಇಬ್ಬರು ಸೇರಿ ತರುವ ಹಣ್ಣು ಹಿಂದೆ ಅವಳೊಬ್ಬಳೇ ತರುತ್ತಿದ್ದ ಹಣ್ಣಿಗಿಂತ ಕಡಿಮೆಯಾಯಿತು.

ಹತ್ತು ಗಂಟೆಗೆ ತಾಯಂದಿರು ಕೂಸುಗಳಿಗೆ ಹಾಲೂಡಿಸಲು ಶೆಡ್ಡಿಗೆ ಬರುತ್ತಿದ್ದರು. ಗಂಜಿ ಬಡಿಸುವ ಹೊತ್ತು ಅದೇ. ತಮ್ಮನಿಗೆ ಅವ್ವ ಹಾಲು ಕೊಡುವಾಗ ಮುದ್ದಿ ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. ಮೊದಲ ವಾರದಲ್ಲೇ ಲಿಂಗಿ ಒಂದು ಚಿಪ್ಪಿನಲ್ಲಿ ಗಂಜಿ ಹಾಕಿಕೊಂಡು ಶೆಡ್ಡಿನ ಹಿಂದೆ ಕರೆದಳು.

"ಬಾ ಕೂಸೇ, ಯಾರೂ ನೋಡಲ್ಲ. ಕುಡಿ."

ಮುದ್ದಿ ಚಿಪ್ಪನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು. "ಬ್ಯಾಡ ಲಿಂಗವ್ವ. ಗಂಜಿ ಸಣ್ಣವ್ಕೆ. ನಾನು ಮುಟ್ದೆನಲ್ಲ."

ಲಿಂಗಿ ಆ ಗಂಜಿಯನ್ನು ತಾನು ಕುಡಿಯಲಾರದೆ, ಚೆಲ್ಲಲಾರದೆ, ಚಿಪ್ಪು ಹಿಡಿದು ನಿಂತಳು. ಕೊನೆಗೆ ನಾಯಿ ಬಂದು ಕುಡಿಯಿತು.

ಮೂರನೆಯ ವಾರ ಮುದ್ದಿ ಕೆಂಜಿಗ ಇರುವೆಯ ಗೂಡಿಗೆ ಕೈ ಹಾಕಿದಳು. ಕೆಂಚಿ ಮಗುವನ್ನು ಎತ್ತಿಕೊಂಡು ಓಡಿ ಬಂದದ್ದು ಶೆಡ್ಡಿಗೇ. ಪುಟ್ಟ ಕೈ ಮೊಣಕೈವರೆಗೆ ಊದಿ ಕೆಂಪಾಗಿತ್ತು. ಲಿಂಗಿ ಸುಣ್ಣ ಹಚ್ಚಿದಳು. ಹಚ್ಚಿದಲ್ಲಿಗೇ ಮತ್ತೆ ಮತ್ತೆ ಹಚ್ಚುವುದನ್ನು ಕಂಡು ಕೆಂಚಿಯೇ ಸಮಾಧಾನ ಮಾಡಿದಳು.

ಅಲ್ಲೇ ಕೂಸಿಗೆ ಹಾಲು ಕೊಡುತ್ತಿದ್ದ ಮಾದಿ ಅಂದಳು: "ಈ ಎಳೇದನ್ನ ಅದ್ಯಾರು ದೊಡ್ದು ಅಂದೋರು? ಅಂದೋರ ಕಣ್ಣು ನೆಟ್ಟಗಿತ್ತಾ?"

ಕೆಂಚಿ ಸರ್ರನೆ ತಿರುಗಿದಳು. "ಬಾಯಿ ಮುಚ್ಚೇ. ಮಗು ಬೆಳೀತು, ಬೆರಳು ಮುಟ್ತು. ಅದಕ್ಕೆ ಲಿಂಗಕ್ಕ ಏನು ಮಾಡ್ತಾಳೆ? ತಲೇಲಿ ಬಟ್ಟೆ ತುರುಕಿ ಮೋಸ ಮಾಡಕ್ಕೆ ಹೋದವ್ಳು ನಾನು. ಅವ್ಳು ನ್ಯಾಯವಾಗೇ ಮುಟ್ಸಿದ್ಲು."

ಲಿಂಗಿ ಸುಣ್ಣದ ಡಬ್ಬಿಯ ಮುಚ್ಚಳ ಹುಡುಕುವ ನೆಪದಲ್ಲಿ ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಮುಚ್ಚಳ ಅವಳ ಕೈಯಲ್ಲೇ ಇತ್ತು.

ಹೇಳಿಬಿಡಬೇಕು ಎಂದು ಅವಳು ಅಂದುಕೊಳ್ಳದೆ ಇರಲಿಲ್ಲ. ದಿನಾ ಅಂದುಕೊಂಡಳು. ಹಳ್ಳದ ದಾರಿಯಲ್ಲಿ ಕೆಂಚಿಯ ಕುಪ್ಪಸದ ಬೆನ್ನು ನೋಡುತ್ತಾ ನಡೆಯುವಾಗ ಮಾತು ಹಲ್ಲಿನವರೆಗೂ ಬರುತ್ತಿತ್ತು. ಆ ಬೆನ್ನ ಮೇಲೆಯೇ ಅವಳು ಆ ದಿನ ಬಂದದ್ದು. ಆಮೇಲೆ ಗುಡ್ಡ ನೆನಪಾಗುತ್ತಿತ್ತು. ಈ ಕಾಲಲ್ಲಿ ಗುಡ್ಡ. ಗುಂಡ ಎರಡು ದಿನವೂ ತಡೆಯಲಾರ, ಅಣ್ಣನ ಮನೆಗೆ ಅಟ್ಟುತ್ತಾನೆ. ಅಲ್ಲಿ ಅತ್ತಿಗೆಯ ಒಲೆಯ ಮುಂದೆ ಹೊತ್ತಿಲ್ಲದ, ಹಾಜರಿಯಿಲ್ಲದ ಕೆಲಸ. ಮಾತು ಹಿಂದಕ್ಕೆ ಹೋಗುತ್ತಿತ್ತು.

ತಪ್ಪು ಮಾಡಿದವಳಿಗೆ ಬೈಗುಳ ಸಿಕ್ಕರೆ ಹಗುರವಾಗುತ್ತದೆ. ಲಿಂಗಿಗೆ ಸಿಕ್ಕಿದ್ದು ಮೆಚ್ಚುಗೆ. ದೊರೆಸಾನಿ ಬಂದು ಶೆಡ್ಡು ನೋಡಿ, ಪದ್ಮಯ್ಯನ ಬಾಯಲ್ಲಿ ಹೇಳಿಸಿದಳು, "ಈ ಮಕ್ಕಳಿಗೆ ನೀನೇ ತಾಯಿ." ಒಂದು ಕೆಂಪು ಕಂಬಳಿಯನ್ನೂ ಕೊಟ್ಟಳು. ಲಿಂಗಿ ಅದನ್ನು ಹೊದೆಯಲಿಲ್ಲ. ಗುಂಡ ಹೊದ್ದ. ಬೆಳಿಗ್ಗೆ ಅದನ್ನು ಮಡಚುವ ಕೆಲಸವೊಂದು ಹೆಚ್ಚಾಯಿತು.

ಆ ವರ್ಷ ಹಣ್ಣು ಒಟ್ಟಿಗೇ ಮಾಗಿತು. ಕೊಯ್ಯುವುದಕ್ಕಿಂತ ಬೇಗ ಉದುರತೊಡಗಿತು. ಒಂದು ಮಧ್ಯಾಹ್ನ ಪದ್ಮಯ್ಯ ಶೆಡ್ಡಿನ ಬಾಗಿಲಲ್ಲಿ ನಿಂತ.

"ಇನ್ನೊಂದು ಸಲ ಕಿವಿ ಮುಟ್ಟಿಸು ಲಿಂಗಿ. ನಂಗೆ ಬಂದು ಕೂರಕ್ಕೆ ಪುರಸೊತ್ತಿಲ್ಲ. ನೀನೇ ಮುಟ್ಸಿ, ಮುಟ್ಟಿದವನ್ನ ನಾಳೆ ಬೆಳಿಗ್ಗೆ ಹಾಜರಿಗೆ ಕರ್ಕೊಂಡು ಬಾ. ನಿನ್ನ ಮಾತೇ ಮಾತು."

ಅವನು ಹೋದ ಮೇಲೆ ಲಿಂಗಿ ಒಂದು ಕೂಸಿನ ಜೋಲಿ ತೂಗುತ್ತಾ ಯೋಚಿಸಿದಳು. ಕಷ್ಟವೇನಿಲ್ಲ. ಎಲ್ಲರ ತಲೆಯನ್ನೂ ನೆಟ್ಟಗೆ ಹಿಡಿದರೆ ಆಯಿತು. ಒಂದೂ ಮುಟ್ಟಲಿಲ್ಲ ಅಂದರೆ ಆಯಿತು. ಹಿಂದಿನದನ್ನು ಯಾರು ಕೇಳುತ್ತಾರೆ?

ಅಷ್ಟರಲ್ಲಿ ಅಂಗಳದಿಂದ ನಗು ಕೇಳಿಸಿತು. ಮಕ್ಕಳು ಸಾಲಾಗಿ ನಿಂತಿದ್ದವು. ಮೂರು ವರ್ಷದ್ದು, ನಾಲ್ಕು ವರ್ಷದ್ದು, ಸರಿಯಾಗಿ ಮೂಗು ಒರೆಸಿಕೊಳ್ಳಲೂ ಬಾರದವು. ಎಲ್ಲದರ ಬಲಗೈಯೂ ತಲೆಯ ಮೇಲೆ. ಎಲ್ಲದರ ತಲೆಯೂ ಬಲಕ್ಕೆ ವಾಲಿತ್ತು. ಎಲ್ಲದರ ಬೆರಳೂ ಕಿವಿ ಮುಟ್ಟಿತ್ತು. ಸಂಜೆ ಹೊತ್ತು ಮುದ್ದಿಯಿಂದ ಕಲಿತ ಆಟ.

"ಹಂಗಲ್ಲ ಕಣ್ರೋ, ನೆಟ್ಟಗೆ ನಿಲ್ಬೇಕು," ಎಂದಳು ಲಿಂಗಿ.

ಸಾಲಿನ ತುದಿಯಲ್ಲಿದ್ದ ಚಿನ್ನ, ನಾಲ್ಕು ವರ್ಷದವಳು, ಕೈ ಇಳಿಸದೆಯೇ ಹೇಳಿದಳು: "ನೆಟ್ಟಗೆ ನಿಂತ್ರೆ ಮುಟ್ಟಲ್ಲ ಲಿಂಗವ್ವ. ಬಗ್ಗಿಸ್ಬೇಕು. ಮುದ್ದೀ ತಲೆ ನೀನು ಬಗ್ಗಿಸ್ದೆಯಲ್ಲ, ಹಿಂಗೆ."

ಚಿನ್ನ ತನ್ನ ಪುಟ್ಟ ಅಂಗೈಯನ್ನು ಪಕ್ಕದ ಮಗುವಿನ ಎಡಗೆನ್ನೆಗೆ ಇಟ್ಟು, ಮೆಲ್ಲಗೆ, ತುಂಬ ಮೆಲ್ಲಗೆ, ಒತ್ತಿ ತೋರಿಸಿದಳು.

ಯಾರೂ ನೋಡಲಿಲ್ಲ ಎಂದು ಲಿಂಗಿ ಅಂದುಕೊಂಡಿದ್ದಳು. ಆ ಭಾನುವಾರ ದೊಡ್ಡವರೆಲ್ಲ ನಗುತ್ತಿದ್ದಾಗ, ಶೆಡ್ಡಿನ ಒಳಗಿಂದ, ಬಿದಿರ ತಟ್ಟಿಯ ಸಂದಿಯಿಂದ, ಇಷ್ಟೂ ಕಣ್ಣುಗಳು ನೋಡಿದ್ದವು. ಅವು ಅದನ್ನು ತಪ್ಪೆಂದು ತಿಳಿದಿರಲಿಲ್ಲ. ಲಿಂಗವ್ವ ಮಾಡಿದ್ದು, ಆದ್ದರಿಂದ ಅದೇ ಸರಿಯಾದ ರೀತಿ. ಉಣ್ಣುವ ಮುಂಚೆ ಕೈ ತೊಳೆಯುವುದು, ಅಳುವ ಕೂಸಿನ ಜೋಲಿ ತೂಗುವುದು, ಹುಳಕ್ಕೆ ಕೈ ಹಾಕದಿರುವುದು, ಎಲ್ಲವನ್ನೂ ಅವಳೇ ಕಲಿಸಿದ್ದಳು. ಇದನ್ನೂ ಅವಳೇ ಕಲಿಸಿದ್ದಳು.

ಈ ಮಕ್ಕಳ ಮಾತನ್ನು ಯಾರೂ ಸಾಕ್ಷಿ ಎಂದು ಹಿಡಿಯುವುದಿಲ್ಲ. ಅವಳ ಕೆಲಸಕ್ಕೆ ಏನೂ ಅಪಾಯವಿರಲಿಲ್ಲ. ಅದು ಗೊತ್ತಿದ್ದೂ ಅವಳ ಮುಖ ಸುಡುತ್ತಿತ್ತು. ಆ ಮಧ್ಯಾಹ್ನವೆಲ್ಲ ಅವಳು ಯಾವ ಮಗುವಿನ ಕಣ್ಣನ್ನೂ ನೋಡದೆ ಕುಂಡೆ ತೊಳೆದಳು, ಬಟ್ಟೆ ಒಗೆದಳು, ಜೋಲಿ ತೂಗಿದಳು.

ಮರುದಿನ ಬೆಳಕು ಹರಿಯುವ ಮುಂಚೆ ಬೂದಿ ತೆಗೆದಳು. ಬೆಂಕಿ ಹಿಡಿಸಿದಳು. ಗುಂಡನಿಗೆ ಕಾಫಿ ಕೊಟ್ಟಳು. ಕೆಂಪು ಕಂಬಳಿಯನ್ನು ಮಡಚಲಿಲ್ಲ, ಬಿದ್ದಲ್ಲೇ ಬಿಟ್ಟಳು. ಶೆಡ್ಡಿಗೆ ಹೋಗಿ ಗುಡಿಸಿದಳು, ಆರು ಗಂಟುಗಳನ್ನು ಜಗ್ಗಿ ನೋಡಿದಳು, ಇಪ್ಪತ್ತೆರಡು ಮುಷ್ಟಿ ಅಕ್ಕಿಯನ್ನು ಪಾತ್ರೆಗೆ ಹಾಕಿದಳು. ಮನೆಯಿಂದ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಅಕ್ಕಿಯನ್ನು ಬಿಚ್ಚಿದಳು. ಪಾತ್ರೆಯ ಮೇಲೆ ಮುಷ್ಟಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಹಾಕಿದರೆ ಇವತ್ತು ಗಂಜಿ ಕುಡಿಯಲು ಒಬ್ಬಳು ಹೆಚ್ಚು ಬರಲೇಬೇಕು. ಅದನ್ನು ಬಡಿಸುವ ಕೈ ತನ್ನದೇ ಆಗಿರಬೇಕೆಂದಿಲ್ಲ. ಕೇಳುವವರು, ಬೇಡ ಎನ್ನುವವರು, ಹಾಕು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಮುಷ್ಟಿ ಬಿಟ್ಟಳು. ಅಕ್ಕಿ ನೀರಿಗೆ ಬಿತ್ತು.

ಹಾಜರಿ ಗಂಟೆ ಹೊಡೆಯಿತು. ಮೊದಲು ಬಂದ ತಾಯಿಗೆ, "ಒಂದು ಗಳಿಗೆ ನೋಡ್ಕೋ," ಎಂದು ಹೇಳಿ ಲಿಂಗಿ ಹಾಜರಿ ಅಂಗಳದ ಕಡೆ ನಡೆದಳು. ಕಾಲು ಮುರಿದ ಮೇಲೆ ಅವಳು ಆ ಅಂಗಳ ತುಳಿದಿರಲಿಲ್ಲ. ಮಂಜಿನಲ್ಲಿ ಸಾಲಾಗಿ ನಿಂತವರು ಅವಳನ್ನು ನೋಡಿ ಗುಸುಗುಸು ಎಂದರು. ಪದ್ಮಯ್ಯ ತಲೆ ಎತ್ತಿದ.

"ಎಲ್ಲಿ, ಒಬ್ಬಳೇ ಬಂದೆ? ಮುಟ್ಟಿದವು ಎಷ್ಟು?"

"ಕೊಡಕ್ಕೆ ಬಂದಿಲ್ಲ ಅಯ್ಯ. ಒಂದನ್ನ ವಾಪಸ್ ಕರ್ಕೊಂಡು ಹೋಗಕ್ಕೆ ಬಂದೆ."

ಕೆಂಚಿಯ ಪಕ್ಕದಲ್ಲಿ ತಗಡಿನ ಡಬ್ಬ ಹಿಡಿದು ಮುದ್ದಿ ನಿಂತಿದ್ದಳು. ಲಿಂಗಿ ಅವಳ ಹಿಂದೆ ಹೋಗಿ ನಿಂತಳು.

"ಕೈ ಎತ್ತು ಕೂಸೇ. ಕಿವಿ ಮುಟ್ಟು."

ಮುದ್ದಿಗೆ ಅದೆಷ್ಟು ಸಂತೋಷವೋ. ಡಬ್ಬ ಕೆಳಗಿಟ್ಟು ಬಲಗೈ ಎತ್ತಿದಳು, ಅಭ್ಯಾಸವಾಗಿದ್ದ ಹಾಗೆ ತಲೆಯನ್ನು ಬಲಕ್ಕೆ ವಾಲಿಸಿದಳು. ಲಿಂಗಿ ಎರಡೂ ಅಂಗೈಯಲ್ಲಿ ಆ ತಲೆಯನ್ನು ಹಿಡಿದು ನೆಟ್ಟಗೆ ನಿಲ್ಲಿಸಿದಳು. ಬೆರಳು ಗಾಳಿಯಲ್ಲಿ ತಡಕಾಡಿತು. ಇನ್ನಷ್ಟು ಚಾಚಿತು. ಎರಡು ಬೆರಳು ಕಡಿಮೆ. ಮಗು ಅರ್ಥವಾಗದೆ, ಕತ್ತು ತಿರುಗಿಸಲು ಹೆಣಗಾಡುತ್ತಾ, "ಬಗ್ಗಿಸು ಲಿಂಗವ್ವ, ಬಗ್ಗಿಸು," ಎಂದು ಅಳತೊಡಗಿತು.

ಲಿಂಗಿ ಕೈ ಸಡಿಲಿಸಲಿಲ್ಲ. ಪದ್ಮಯ್ಯನ ಕಡೆ ನೋಡಲಿಲ್ಲ. ಮೂರು ತಿಂಗಳಿಂದ ನೋಡಲಾರದೆ ಇದ್ದ ಮುಖವನ್ನು ನೋಡಿದಳು.

"ಕೆಂಚಿ," ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, "ಅವತ್ತು ಬಗ್ಗಿಸಿದ್ದು ನಾನು."